ಮೆನಿಸ್ಕಸ್ ಕಸಿ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಪ್ರಶ್ನೆ, ಮೈಸೂರಿನಿಂದ

ನನಗೆ 27 ವರ್ಷ. 2019ರಲ್ಲಿ ಊರಹಬ್ಬದ ಕಬಡ್ಡಿ ಆಡುವಾಗ ಬಲ ಮಂಡಿ ತಿರುಚಿಕೊಂಡಿತು. ಹೊರಬದಿಯ ಮೆನಿಸ್ಕಸ್ (ಮಂಡಿಯಲ್ಲಿ ಎರಡು ಮೂಳೆಗಳ ನಡುವೆ ಇರುವ ಮೆತ್ತೆ) ಪೂರ್ತಿ ಹರಿದಿತ್ತು. ಹೊಲಿಯಲು ಆಗಲ್ಲ ಎಂದು ತೆಗೆದುಬಿಟ್ಟರು. ನಾಲ್ಕು ವರ್ಷ ಚೆನ್ನಾಗಿಯೇ ಇದ್ದೆ. ಈಗ ದಿನಾ ಸಂಜೆ ಮಂಡಿ ಊದಿಕೊಳ್ಳುತ್ತದೆ, ಮೆಟ್ಟಿಲು ಇಳಿಯುವಾಗ ನೋಯುತ್ತದೆ. ದಾನಿಯ ಮೆನಿಸ್ಕಸ್ ಕಸಿ ಮಾಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ಮಾಡಿಸಿಕೊಂಡವರು ಹೇಗಿದ್ದೀರಿ? ಎಷ್ಟು ವರ್ಷ ಬರುತ್ತದೆ? ಮತ್ತೆ ಆಡಬಹುದಾ?

ಉತ್ತರ, ಇಂಗ್ಲೆಂಡಿನ ಕೊವೆಂಟ್ರಿಯಿಂದ

ನಿಮ್ಮ ಕತೆ ಹೆಚ್ಚುಕಡಿಮೆ ನನ್ನದೇ. ಊರು ಹಾಸನ, ಕೆಲಸ ಇಲ್ಲಿ. ನನ್ನದೂ ಹೊರಬದಿಯದೇ, ಫುಟ್‌ಬಾಲ್‌ನಲ್ಲಿ ಹೋಗಿದ್ದು. 2018ರಲ್ಲಿ ಕಸಿ ಮಾಡಿಸಿಕೊಂಡೆ. ಆಗ ನನಗೆ 33.

ಕಸಿ ಎಂದ ಕೂಡಲೇ ನಮ್ಮ ಮನೆಯಲ್ಲಿ ಎಲ್ಲರಿಗೂ ಕಿಡ್ನಿ ನೆನಪಾಗಿ ಗಾಬರಿಯಾಯಿತು. ಅದೇ ಬೇರೆ, ಇದೇ ಬೇರೆ. ಇಲ್ಲಿ ರಕ್ತದ ಗುಂಪು ಹೊಂದಬೇಕಿಲ್ಲ, ಜೀವಮಾನವಿಡೀ ಮಾತ್ರೆ ನುಂಗಬೇಕಿಲ್ಲ. ಹೊಂದಬೇಕಾದದ್ದು ಅಳತೆ. ಎಡ ಮಂಡಿಯದು ಬಲಕ್ಕೆ ಆಗಲ್ಲ, ಒಳಬದಿಯದು ಹೊರಬದಿಗೆ ಆಗಲ್ಲ. ಎಕ್ಸ್-ರೇಯಲ್ಲಿ ನಿಮ್ಮ ಮೂಳೆ ಅಳೆದು, ಅದೇ ಗಾತ್ರದ್ದು ಸಿಗುವವರೆಗೆ ಕಾಯಬೇಕು. ನಾನು ಐದು ತಿಂಗಳು ಕಾದೆ. ತೀರಿಕೊಂಡ ಯಾರದೋ ಮನೆಯವರು ಆ ದುಃಖದಲ್ಲೂ ಒಪ್ಪಿ ಕೊಟ್ಟದ್ದು ಇವತ್ತು ನನ್ನ ಕಾಲಿನಲ್ಲಿದೆ. ಅದನ್ನು ನೆನೆದರೆ ಈಗಲೂ ಮಾತು ಬರುವುದಿಲ್ಲ.

ಆಪರೇಷನ್ನಿಗಿಂತ ಆಮೇಲಿನ ಆರು ವಾರವೇ ಕಷ್ಟ. ಬ್ರೇಸ್, ಎರಡು ಊರುಗೋಲು, ಮಂಡಿ 90 ಡಿಗ್ರಿಗಿಂತ ಜಾಸ್ತಿ ಮಡಿಸುವಂತಿಲ್ಲ. ನೋಡನೋಡುತ್ತಾ ತೊಡೆ ಸಣ್ಣಗಾಗಿ ಹೋಯಿತು. ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿಟ್ಟು, ತೊಡೆ ಬಿಗಿ ಮಾಡಿ, ಮಂಡಿಯನ್ನು ಹಾಸಿಗೆಯ ಕಡೆಗೆ ಒತ್ತಬೇಕು. ಮೊದಲ ವಾರ ಆ ಸ್ನಾಯು ನನ್ನ ಮಾತೇ ಕೇಳಲಿಲ್ಲ. ಹತ್ತನೇ ದಿನ ಮಂಡಿಚಿಪ್ಪು ಚೂರೇ ಚೂರು ಮೇಲಕ್ಕೆ ಸರಿಯಿತು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಅಂದಿನಿಂದ ದಿನಾ ರಾತ್ರಿ ಬಟ್ಟೆ ಅಳೆಯುವ ಟೇಪಿನಲ್ಲಿ ಮಂಡಿಯ ಸುತ್ತಳತೆ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. ಅರ್ಧ ಸೆಂಟಿಮೀಟರ್ ಏರಿದರೆ ಊತ ಹೆಚ್ಚಿದೆ ಎಂದು ಮರುದಿನ ವ್ಯಾಯಾಮ ಕಡಿಮೆ. ನೀವು ಈಗಿನಿಂದಲೇ ಇದನ್ನು ಶುರು ಮಾಡಿ, ಡಾಕ್ಟರಿಗೆ ತೋರಿಸಲೂ ಆಗುತ್ತದೆ.

ಎರಡು ವರ್ಷದ ನಂತರ ಎಂಆರ್‌ಐ ಮಾಡಿಸಿದಾಗ, ಕಸಿ ಸ್ವಲ್ಪ ಮೂಳೆಯ ಅಂಚಿನಿಂದಾಚೆ ಸರಿದಿದೆ ಎಂದು ಬರೆದಿದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ. ತುಂಬ ಜನರಲ್ಲಿ ಹೀಗೆ ಕಾಣುತ್ತದೆ, ಅಷ್ಟಕ್ಕೇ ನೋವು ಬರುತ್ತದೆ ಎಂದಲ್ಲ ಎಂದು ಡಾಕ್ಟರು ಧೈರ್ಯ ಹೇಳಿದರು. ಹಾಗೇ ಆಯಿತು. ಈಗ ಸಂಜೆಯ ಊತ ಇಲ್ಲ. ಸೈಕಲ್ ತುಳಿಯುತ್ತೇನೆ, ಈಜುತ್ತೇನೆ, ಮಗಳ ಜೊತೆ ಗಂಟೆಗಟ್ಟಲೆ ನಡೆಯುತ್ತೇನೆ. ಫುಟ್‌ಬಾಲ್ ಬಿಟ್ಟೆ.

ಎಷ್ಟು ವರ್ಷ ಬರುತ್ತದೆ ಎಂದು ಕೇಳಿದಿರಲ್ಲ. 1984ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಶುರುವಾದ ಆಪರೇಷನ್ ಇದು, ಹಾಗಾಗಿ ಹಳೆಯ ರೋಗಿಗಳ ಲೆಕ್ಕ ಸಿಗುತ್ತದೆ. ಹತ್ತು ವರ್ಷಕ್ಕೆ 100ರಲ್ಲಿ ಸುಮಾರು 70 ಜನರ ಕಸಿ ಉಳಿದಿರುತ್ತದೆ, 15 ವರ್ಷಕ್ಕೆ ಸುಮಾರು 60. ನಡುವೆ ಮೂವರಲ್ಲಿ ಒಬ್ಬರಾದರೂ ಇನ್ನೊಮ್ಮೆ ಆಪರೇಷನ್ ಟೇಬಲ್ ಹತ್ತುತ್ತಾರೆ. ಎಷ್ಟೋ ಸಲ ಅದು ಹರಿದ ಅಂಚು ಸರಿಮಾಡುವಂಥ ಸಣ್ಣ ಕೆಲಸ.

ಉತ್ತರ, ಹುಬ್ಬಳ್ಳಿಯಿಂದ

ನನ್ನ ತಮ್ಮನದು ಚಲೋ ಆಗಲಿಲ್ಲ. ಅದನ್ನೂ ಹೇಳಬೇಕಲ್ವಾ.

ಹೊರಬದಿಯ ಮೆನಿಸ್ಕಸ್ ತೆಗೆಸಿ 11 ವರ್ಷವಾದ ಮೇಲೆ ಕಸಿ ಮಾಡಿಸಿದೆವು. ಅಷ್ಟರಲ್ಲಿ ಮೂಳೆಯ ತುದಿಗಿರುವ ನುಣುಪು ಹೊದಿಕೆ, ಅಂದರೆ ಕಾರ್ಟಿಲೇಜ್, ಸವೆದು ಕೆಲವು ಕಡೆ ಮೂಳೆಗೆ ಮೂಳೆ ತಾಗುತ್ತಿತ್ತು. ಮಂಡಿ ಒಳಕ್ಕೆ ಬಾಗಿತ್ತು. ಆ ಬಾಗು ಎಷ್ಟಿದೆ ಎಂದು ಯಾರೂ ಅಳೆಯಲಿಲ್ಲ, ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ. ಎರಡೇ ವರ್ಷಕ್ಕೆ ಕಸಿ ಹರಿಯಿತು, ತೆಗೆಸಬೇಕಾಯಿತು. ಆಮೇಲೆ ಬೇರೊಬ್ಬ ಡಾಕ್ಟರು ಅವನನ್ನು ನಿಲ್ಲಿಸಿ, ಸೊಂಟದಿಂದ ಪಾದದವರೆಗೆ ಒಂದೇ ಎಕ್ಸ್-ರೇ ತೆಗೆಸಿದರು. ಅದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು ತೋರಿಸಿದರು. ಗೆರೆ ಮಂಡಿಯ ನಡುವೆ ಹೋಗಬೇಕಿತ್ತು, ಹೊರಬದಿಗೆ ಹೋಗಿತ್ತು. ಮೈಭಾರವೆಲ್ಲ ಕಸಿಯ ಮೇಲೇ ಬೀಳುತ್ತಿತ್ತು. ಇಂಥವರಿಗೆ ಮೂಳೆ ಕತ್ತರಿಸಿ ಕಾಲು ನೇರ ಮಾಡಬೇಕು, ಕಸಿಗೆ ಮೊದಲು ಅಥವಾ ಅದರ ಜೊತೆಗೇ. ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಸಡಿಲವಿದ್ದರೂ ಅಷ್ಟೇ, ಅದನ್ನು ಸರಿಮಾಡದೆ ಕಸಿ ನಿಲ್ಲುವುದಿಲ್ಲ.

ಆದ್ದರಿಂದ ತಮ್ಮಾ, ಸಹಿ ಹಾಕುವ ಮೊದಲು ಕಾರ್ಟಿಲೇಜ್ ಎಷ್ಟು ಉಳಿದಿದೆ, ಕಾಲು ನೇರ ಇದೆಯಾ, ಲಿಗಮೆಂಟ್ ಗಟ್ಟಿ ಇದೆಯಾ ಎಂದು ಬಾಯಿಬಿಟ್ಟು ಕೇಳು. ಹಾಗಂತ ಸುಮ್ನೆ ವರ್ಷ ತಳ್ಳಬೇಡ. ಮಂಡಿಯ ಹೊರಭಾಗಕ್ಕೆ ಬೀಳುವ ಭಾರದಲ್ಲಿ 100ಕ್ಕೆ ಸುಮಾರು 70 ಪಾಲನ್ನು ಆ ಮೆನಿಸ್ಕಸ್ಸೇ ಹೊರುತ್ತಿತ್ತು. ಈಗ ಅದೆಲ್ಲ ಕಾರ್ಟಿಲೇಜಿನ ಮೇಲೆ. ನಮ್ಮ ತಮ್ಮ ನಾಲ್ಕನೇ ವರ್ಷವೇ ಹೋಗಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಉತ್ತರ, ದಾವಣಗೆರೆಯಿಂದ

ನಾನು ಫಿಸಿಯೋಥೆರಪಿಸ್ಟ್. ಕಸಿಯ ನಂತರ ಆಟಕ್ಕೆ ಮರಳಿದವರು ಇದ್ದಾರೆ, ಅವರಲ್ಲಿ ವೃತ್ತಿಪರ ಫುಟ್‌ಬಾಲ್ ಆಟಗಾರರೂ ಇದ್ದಾರೆ. ಅದಕ್ಕೆ ಒಂದು ವರ್ಷವಾದರೂ ಬೇಕು. ಆದರೆ ಕಬಡ್ಡಿಯಲ್ಲಿ ಕಾಲು ಎದುರಾಳಿಯ ಕೈಯಲ್ಲಿ ಸಿಕ್ಕಿರುತ್ತದೆ, ಮೈ ಮಾತ್ರ ತಿರುಗುತ್ತದೆ. ಹಾಗಾಗಿ ನಾನಾದರೆ ಬೇಡ ಎಂದೇ ಹೇಳುತ್ತೇನೆ. ಇನ್ನೊಂದು, ಕುಕ್ಕರುಗಾಲಿನಲ್ಲಿ ಕೂತರೆ ಕಸಿಯ ಹಿಂಭಾಗದ ಹೊಲಿಗೆಗೆ ಒತ್ತಡ ಬೀಳುತ್ತದೆ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರೆ ಆಪರೇಷನ್ನಿಗೆ ಮೊದಲೇ ಕಮೋಡ್ ವ್ಯವಸ್ಥೆ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವನು

ಅಣ್ಣಂದಿರಿಗೆಲ್ಲ ತುಂಬಾ ಥ್ಯಾಂಕ್ಸ್. ಕಬಡ್ಡಿ ಬೇಡ ಎಂಬುದನ್ನು ಓದಿ ಕಣ್ಣು ತುಂಬಿತು. ಆದರೂ ಮೆಟ್ಟಿಲು ನೋವಿಲ್ಲದೆ ಇಳಿದರೆ ಸಾಕಾಗಿದೆ. ನಿಂತು ತೆಗೆಸುವ ಎಕ್ಸ್-ರೇ ಸೋಮವಾರಕ್ಕೆ ಗೊತ್ತಾಗಿದೆ, ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ. ನಿನ್ನೆ ರಾತ್ರಿ ಅಮ್ಮನ ಟೇಪಿನಲ್ಲಿ ಅಳೆದೆ. ಎಡ ಮಂಡಿ 37 ಸೆಂಟಿಮೀಟರ್, ಬಲ ಮಂಡಿ 39.