ಜೂಲಿ ಆಂಡ್ರ್ಯೂಸ್‌ನ ಬೈಬೇಡಿ, ಮಾವ

ಮಡಿಕೇರಿ ಮಾವ: ಮೊನ್ನೆ ಗ್ರೂಪಲ್ಲಿ ಹಾಕಿದ್ದ ‘ಟಾರ್ನ್ ಕರ್ಟನ್’ ಯಾರಾದರೂ ನೋಡಿದಿರಾ? ಸಸ್ಪೆನ್ಸ್‌ಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಸಿನಿಮಾ ಅಂತ ಆಸೆಯಿಂದ ಕೂತೆ. ತುಂಬಾ ಬೇಜಾರಾಯಿತು. ಆ ಹುಡುಗಿಗೆ ನಟನೆಯೇ ಬರಲ್ಲ.

ಸೋಮವಾರಪೇಟೆ ಅತ್ತೆ: ಜೂಲಿ ಆಂಡ್ರ್ಯೂಸ್‌ಗಾ? ‘ಸೌಂಡ್ ಆಫ್ ಮ್ಯೂಸಿಕ್’ ಅವಳದ್ದೇ ಅಲ್ವಾ!

ಮಡಿಕೇರಿ ಮಾವ: ಅವಳೇ. ಇಲ್ಲಿ ಸುಮ್ನೆ ಗಾಬರಿ ಮುಖ ಮಾಡಿಕೊಂಡು ನಿಂತಿರುತ್ತಾಳೆ.

ನಾನು: ಮಾವ, ಸಿನಿಮಾ ಸಪ್ಪೆ, ಒಪ್ಪಿದೆ. ಆದರೆ ತಪ್ಪು ಅವಳದ್ದಲ್ಲ. ‘ಮೇರಿ ಪಾಪಿನ್ಸ್’ಗೆ ಆಸ್ಕರ್ ತಗೊಂಡವಳು ಅವಳು. 1965ರಲ್ಲಿ ‘ಸೌಂಡ್ ಆಫ್ ಮ್ಯೂಸಿಕ್’, 1966ರಲ್ಲಿ ಇದು. ಸ್ಟುಡಿಯೋದವರಿಗೆ ದೊಡ್ಡ ಹೆಸರು ಬೇಕಿತ್ತು, ಹಾಕಿಕೊಂಡರು. ಕೊಟ್ಟ ಪಾತ್ರ ನೋಡಿ. ಮದುವೆ ಆಗಬೇಕಾದ ಅಮೆರಿಕದ ವಿಜ್ಞಾನಿ ಶತ್ರು ಪಾಳಯದ ಪೂರ್ವ ಜರ್ಮನಿಗೆ ಹೋಗುತ್ತಾನೆ, ಇವಳು ಅವನ ಹಿಂದೆ ಹೋಗುತ್ತಾಳೆ. ಅಷ್ಟೇ. ಹಾಡಿಲ್ಲ, ತುಂಟತನ ಇಲ್ಲ. ಎಲ್ಲರೂ ನೆನಪಿಟ್ಟುಕೊಂಡಿರೋದು ಆ ಅಡುಗೆಮನೆ ಕೊಲೆ. ಸಂಗೀತವೇ ಇಲ್ಲದೆ, ಗ್ಯಾಸ್ ಒಲೆಯೊಳಗೆ ತಲೆ ತುರುಕಿ ಸಾಯಿಸುತ್ತಾರಲ್ಲ, ಅದು. ಅದರಲ್ಲೂ ಇವಳಿಲ್ಲ!

ಮಡಿಕೇರಿ ಮಾವ: ನೆಪ ಹೇಳಬೇಡ ಮಗಾ. ಕೌಂಟೆಸ್ ಆಗಿ ಬರೋ ಲೀಲಾ ಕೆಡ್ರೋವಾ ಪಾತ್ರ ಇನ್ನೂ ಚಿಕ್ಕದು. ಆದರೂ ಕಣ್ಣಲ್ಲಿ ನೀರು ತರಿಸಿದಳು.

ನಾನು: ಆ ಕೌಂಟೆಸ್‌ಗೆ ಒಂದು ಆಸೆ ಇದೆ ಮಾವ. ಅಮೆರಿಕಕ್ಕೆ ಹೋಗಬೇಕು, ಯಾರಾದರೂ ಜಾಮೀನು ನಿಲ್ಲಿ ಅಂತ ಕಾಫಿ ಹೋಟೆಲಲ್ಲಿ ಕೂತು ಅಂಗಲಾಚುತ್ತಾಳೆ. ನಟಿಗೆ ಅಷ್ಟು ಸಿಕ್ಕರೆ ಸಾಕು. ಜೂಲಿಗೆ ಅದೂ ಸಿಗಲಿಲ್ಲ.

ಸೋಮವಾರಪೇಟೆ ಅತ್ತೆ: ಇವನು ಹೇಳೋದು ಸರಿ. ‘ಶರಪಂಜರ’ ನೆನಪು ಮಾಡಿಕೊಳ್ಳಿ. ಪುಟ್ಟಣ್ಣ ಕಲ್ಪನಾಗೆ ಎಂಥಾ ಪಾತ್ರ ಕೊಟ್ಟರು! ‘ಕೊಡಗಿನ ಕಾವೇರಿ’ ಹಾಡಲ್ಲಿ ಅರಳಿದ ಮುಖ ಕೊನೆಯಲ್ಲಿ ಏನಾಗುತ್ತದೆ! ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ. ಅದೇ ಕಲ್ಪನಾಗೆ ಸೂಟ್‌ಕೇಸ್ ಹಿಡಿದು ಗಂಡನ ಹಿಂದೆ ನಡಿ ಅಂದಿದ್ದರೆ?

ಮಡಿಕೇರಿ ಮಾವ: ಕಲ್ಪನಾ ಆಗಿದ್ದರೆ ಅದರಲ್ಲೂ ಏನಾದರೂ ಮಾಡುತ್ತಿದ್ದಳು.

ನಾನು: ಜೂಲಿಯೂ ಮಾಡಿದ್ದಾಳೆ ಮಾವ! ಆ ವಿಜ್ಞಾನಿ ಇವಳನ್ನು ಗುಡ್ಡದ ಮೇಲೆ ಕರೆದುಕೊಂಡು ಹೋಗಿ ನಿಜ ಹೇಳೋ ಸೀನ್ ಇದೆಯಲ್ಲ? ಅವರ ಮಾತು ನಮಗೆ ಕೇಳಿಸಲ್ಲ. ದೇಶದ್ರೋಹಿ ಅಂದುಕೊಂಡಿದ್ದವನು ಹಾಗಲ್ಲ ಅಂತ ಅವಳಿಗೆ ಗೊತ್ತಾಗೋದು ಮುಖದಲ್ಲೇ ಕಾಣಿಸುತ್ತದೆ. ನಾನು ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ಸಿನಿಮಾ ಪೂರ್ತಿ ಹೀಗೆ ಇವಳನ್ನು ಬಳಸಿಕೊಳ್ಳಬಹುದಿತ್ತು. ನನ್ನ ಸಿಟ್ಟೆಲ್ಲ ಅದಕ್ಕೇ.

ಮಡಿಕೇರಿ ಮಾವ: ಗುಡ್ಡದ ಸೀನಾ? ಆ ಹೊತ್ತಿಗೆ ನಾನು ಎದ್ದು ಹಂಡೆ ಒಲೆಗೆ ಸೌದೆ ಹಾಕೋಕೆ ಹೋಗಿದ್ದೆ ಅನಿಸುತ್ತದೆ. ಇಲ್ಲಿ ಬೆಳಿಗ್ಗೆಯಿಂದ ಮಳೆ, ಕರೆಂಟ್ ಇಲ್ಲ. ಬಂದ ಮೇಲೆ ಅದೊಂದನ್ನು ನೋಡಿ ಹೇಳುತ್ತೇನೆ.