ಫಾನ್ ಜಿನ್ ಪಾಸಾದ ಕಥೆ: ನಮ್ಮನೆ ಗ್ರೂಪಿನ ಜಗಳ

ದೊಡ್ಡಪ್ಪ: (ಫಾರ್ವರ್ಡ್) "ಚೀನಾದ ಫಾನ್ ಜಿನ್ 20ನೇ ವಯಸ್ಸಿನಿಂದ ಪರೀಕ್ಷೆ ಬರೆದು ಬರೆದು ಫೇಲಾದ. 54ರಲ್ಲಿ ಪಾಸಾಗಿ ದೊಡ್ಡ ಮನುಷ್ಯನಾದ. ಛಲ ಬಿಡಬೇಡಿ!" ಪುಟ್ಟಿ, ಓದಮ್ಮ. ಮುಂದಿನ ಸಲ ಆಗೇ ಆಗತ್ತೆ.

ಸುಮಾ: ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಇದು 18ನೇ ಶತಮಾನದಲ್ಲಿ ವೂ ಜಿಂಗ್‌ಜಿ ಆಡುಮಾತಿನ ಚೀನಿಯಲ್ಲಿ ಬರೆದ 'ರೂಲಿನ್ ವೈಷಿ' ಕಾದಂಬರಿಯ ಕಥೆ. ಆ ಪರೀಕ್ಷೆ ಅಂದ್ರೆ ಸರ್ಕಾರಿ ಅಧಿಕಾರಿ ಆಗೋಕೆ ಹಂತ ಹಂತವಾಗಿ ಬರೆಯೋದು. ಪಾಸಾದ ಸುದ್ದಿ ಕೇಳಿ ಅವನಿಗೆ ಹುಚ್ಚು ಹಿಡಿಯತ್ತೆ. ಅದನ್ನೇ ಬಿಟ್ಟುಬಿಟ್ಟಿದಾರೆ.

ಚಿಕ್ಕಮ್ಮ: ಅಯ್ಯೋ, ಹುಚ್ಚಾ?

ಸುಮಾ: ಹೂಂ ಚಿಕ್ಕಮ್ಮ. ರಿಸಲ್ಟ್ ದಿನ ಗಂಜಿಗೂ ಅಕ್ಕಿ ಇಲ್ಲ. ಮೊಟ್ಟೆ ಇಡೋ ಕೋಳಿ ಮಾರಿ ಅಕ್ಕಿ ತಾ ಅಂತ ತಾಯಿ ಕಳಿಸ್ತಾಳೆ. ಕೋಳಿ ಹಿಡ್ಕೊಂಡು ಸಂತೇಲಿ ಗಿರಾಕಿ ಹುಡುಕ್ತಿರ್ತಾನೆ. ಪಕ್ಕದ ಮನೆಯವನು ಬಂದು ಪಾಸಾದೆ ಅಂದ್ರೆ, ಗೇಲಿ ಮಾಡ್ತಿದಾನೆ ಅಂದ್ಕೋತಾನೆ. ಮನೆಗೆ ಬಂದು ಪತ್ರ ಓದಿದ್ದೇ ಚಪ್ಪಾಳೆ ತಟ್ಟಿ ನಕ್ಕು, ಓಡಿ ಹೋಗಿ ಕೊಳದ ಕೆಸರಿಗೆ ಬೀಳ್ತಾನೆ. ಕೊನೆಗೆ ಕಟುಕ ಮಾವ ಕೆನ್ನೆಗೆ ಬಾರಿಸಿ ಸರಿ ಮಾಡಬೇಕು. ಮೊದಲು ಬಾಯಿಗೆ ಬಂದ ಹಾಗೆ ಬೈತಿದ್ದ ಅದೇ ಮಾವನಿಗೆ ಈಗ ಅಳಿಯ ಆಕಾಶದ ನಕ್ಷತ್ರ. ಹೊಡೆಯೋ ಧೈರ್ಯಕ್ಕೆ ಎರಡು ಬಟ್ಟಲು ಹೆಂಡ ಬೇಕಾಯ್ತು!

ದೊಡ್ಡಪ್ಪ: ಆದ್ರೂ ಪಾಸಾದ ತಾನೆ? 20 ಸಲಕ್ಕೂ ಹೆಚ್ಚು ಬರೆದಿದ್ದಕ್ಕೇ ಅಲ್ವಾ?

ಸುಮಾ: ಹೇಗೆ ಪಾಸಾದ ಅಂತ ನೋಡಿ. ಕೆಳಗಿನ ಪರೀಕ್ಷೇಲಿ ಪರೀಕ್ಷಕ ಜೋ ಜಿನ್ ಅವನ ಉತ್ತರ ಓದಿ, ಇದೇನು ಬರೆದಿದಾನೆ ಅಂತಾನೆ. ಎರಡನೇ ಸಲ ಪರವಾಗಿಲ್ಲ ಅನ್ಸತ್ತೆ. ಮೂರನೇ ಸಲ ಅಕ್ಷರ ಅಕ್ಷರವೂ ಮುತ್ತು! ಮೊದಲ ಸಲಕ್ಕೇ ಪಕ್ಕಕ್ಕಿಟ್ಟಿದ್ರೆ? ಅದೇ ಮನುಷ್ಯ, ಅದೇ ಬರಹ, ಆಗಲೂ ಫೇಲೇ.

ರಘು ಮಾವ: ಆ ಜೋ ಜಿನ್ನೂ ಫೇಲಾದವನೇ ಅಲ್ವಾ?

ಸುಮಾ: ಹೌದು ಮಾವ. 60 ದಾಟಿದ್ರೂ ಮೊದಲ ಮೆಟ್ಟಿಲೇ ಹತ್ತಿರಲಿಲ್ಲ. ಜಿನಾನ್‌ನಲ್ಲಿ ಪರೀಕ್ಷಾ ಕೊಠಡಿ ನೋಡಿ ಹಲಗೆಗೆ ತಲೆ ಚಚ್ಚಿಕೊಂಡು ಮೂರ್ಛೆ ಹೋಗ್ತಾನೆ. ಜೊತೆಗಿದ್ದ ವ್ಯಾಪಾರಿಗಳು ಮರುಗಿ, ದುಡ್ಡು ಒಟ್ಟು ಮಾಡಿ ಅವನಿಗೆ ಪರೀಕ್ಷೆಗೆ ಕೂರೋ ಅರ್ಹತೆ ಕೊಡಿಸ್ತಾರೆ. ಆಮೇಲೆ ಪಾಸಾಗಿ ಪರೀಕ್ಷಕ ಆಗ್ತಾನೆ.

ದೊಡ್ಡಪ್ಪ: ನೋಡು, ಸೋತವನ ಸಂಕಟ ಸೋತವನಿಗೇ ಗೊತ್ತು. ಅದಕ್ಕೇ ಮೂರು ಸಲ ಓದಿದ. ಅದೂ ಕಥೇಲಿದೆ.

ಸುಮಾ: ಇದೆ, ಒಪ್ಪಿದೆ. ಆದ್ರೆ ಫಾನ್ ಜಿನ್ ಮುಂದಿನ ಹಂತದ, ಅಂದ್ರೆ ಪ್ರಾಂತ್ಯದ ಪರೀಕ್ಷೆಗೆ ಹೋಗಿ ಬರೋಷ್ಟರಲ್ಲಿ ಮನೆಯವರು ಎರಡು ಮೂರು ದಿನ ಉಪವಾಸ. ಆಮೇಲೆ ಬಂದ ಮನೆ, ಬೆಳ್ಳಿ ಸಾಮಾನು ಎಲ್ಲಾ ನಮ್ಮದೇ ಅಂತ ಗೊತ್ತಾದ ಖುಷಿಗೇ ತಾಯಿ ಕುಸಿದು ಸಾಯ್ತಾಳೆ. ವೂ ಜಿಂಗ್‌ಜಿಯೂ ಪ್ರಾಂತ್ಯದ ಪರೀಕ್ಷೆ ದಾಟಲಿಲ್ಲ, 1754ರಲ್ಲಿ ಬಡವರಾಗೇ ತೀರಿಕೊಂಡರು. ಆ ನೋವು ಗೊತ್ತಿದ್ದವರು ಬರೆದದ್ದನ್ನ ಛಲದ ಪಾಠ ಮಾಡಬೇಡಿ.

ಪುಟ್ಟಿ: ಸುಮಕ್ಕ, ಆ ಪುಸ್ತಕ ನಂಗೆ ಕೊಡು. ದೊಡ್ಡಪ್ಪ, ಮತ್ತೆ ಬರೀತೀನೋ ಇಲ್ವೋ ಇನ್ನೂ ನಿರ್ಧಾರ ಮಾಡಿಲ್ಲ. ಒಂದು ತಿಂಗಳು ಯಾರೂ ಕೇಳಬೇಡಿ.

ದೊಡ್ಡಪ್ಪ: ಸರಿ ಮಗಳೇ, ಕೇಳಲ್ಲ. ಬರೀಬೇಕು ಅನ್ನೋ ನನ್ನ ಮಾತು ಮಾತ್ರ ಬದಲಾಗಲ್ಲ.