ವಿದ್ಯಾರ್ಥಿಗೆ ಯಾವ ಕ್ಲಾರಿನೆಟ್ ಮೌತ್‌ಪೀಸ್ ಒಳ್ಳೆಯದು?

ಪ್ರಶ್ನೆ (ಬೆಂಗಳೂರಿನ ವಿದ್ಯಾರ್ಥಿನಿ):

ನಾಲ್ಕು ವರ್ಷಗಳಿಂದ ಪಾಶ್ಚಾತ್ಯ ಪದ್ಧತಿಯಲ್ಲಿ ಬಿ ಫ್ಲ್ಯಾಟ್ ಕ್ಲಾರಿನೆಟ್ ಕಲಿಯುತ್ತಿದ್ದು, ಮುಂದಿನ ವರ್ಷ ಲಂಡನ್ನಿನ ಟ್ರಿನಿಟಿ ಕಾಲೇಜಿನ 5ನೇ ಗ್ರೇಡ್ ಸಂಗೀತ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂದಿದ್ದೇನೆ. ಯಮಹಾ ವಾದ್ಯದ ಪೆಟ್ಟಿಗೆಯಲ್ಲೇ ಬಂದ 4ಸಿ ಮೌತ್‌ಪೀಸ್‌ಗೆ (ಬಾಯಿಗಿಟ್ಟು ಊದುವ ಭಾಗ) ಎರಡನೇ ನಂಬರಿನ ರೀಡ್ (ಊದಿದಾಗ ಕಂಪಿಸುವ ತೆಳು ಪಟ್ಟಿ; ನಂಬರ್ ಹೆಚ್ಚಿದಷ್ಟೂ ಗಟ್ಟಿ) ಕಟ್ಟಿ ನುಡಿಸುತ್ತೇನೆ. ಕೆಳಗಿನ ಸ್ವರಗಳು ಸಲೀಸಾಗಿ ಬರುತ್ತವೆ. ಆದರೆ ರಿಜಿಸ್ಟರ್ ಕೀ (ಮೇಲಿನ ಸ್ವರಗಳಿಗೆ ಒಯ್ಯುವ ಕೀಲಿ) ಒತ್ತಿ ಮೇಲಕ್ಕೆ ಹೋದೊಡನೆ ನಾದ ತೆಳುವಾಗುತ್ತದೆ, ಜೋರಾಗಿ ಊದಿದರೆ ಕೀರಲು ಬರುತ್ತದೆ, ಮೇಲಿನ ‘ಸಿ’ ದಾಟಿದರಂತೂ ಶ್ರುತಿ ಪಿಯಾನೊಗಿಂತ ಕೆಳಗೇ ಉಳಿಯುತ್ತದೆ. ಸಹಪಾಠಿಯೊಬ್ಬರು ವಾಂಡೋರೆನ್ ಕಂಪನಿಯ ಬಿ45 ಮೌತ್‌ಪೀಸ್ ಕೊಳ್ಳಲು ಹೇಳುತ್ತಾರೆ, ಇನ್ನೊಬ್ಬರು ಅದೇ ಕಂಪನಿಯ ಎಂ30 ಎನ್ನುತ್ತಾರೆ. ಎರಡನ್ನೂ ಕೊಂಡು ನೋಡುವ ಅನುಕೂಲ ನಮಗಿಲ್ಲ. ಒಂದನ್ನೇ ಕೊಳ್ಳುವುದಾದರೆ ಯಾವುದನ್ನು ಕೊಳ್ಳಬೇಕು?

ಉತ್ತರ (ಕ್ಲಾರಿನೆಟ್ ಶಿಕ್ಷಕಿ):

ಮೌತ್‌ಪೀಸಿನ ಮೇಲಿನ ಅನುಮಾನವನ್ನು ಸ್ವಲ್ಪ ಕಾಲ ಬದಿಗಿಡಮ್ಮ. ನೀವು ಹೇಳಿರುವ ಮೂರೂ ತೊಂದರೆಗಳು ರೀಡ್ ತೀರ ಮೆದುವಾದಾಗ ಬರುವಂಥವೇ. 4ಸಿಯ ತುದಿಗೂ ರೀಡಿನ ತುದಿಗೂ ನಡುವಿನ ತೆರವು ಸುಮಾರು 1.05 ಮಿಲಿಮೀಟರ್ ಮಾತ್ರ. ಇಷ್ಟು ಕಿರಿದಾದ ತೆರವಿನ ಮುಂದೆ ಮೆದುವಾದ ರೀಡ್ ಇಟ್ಟು ಜೋರಾಗಿ ಊದಿದರೆ, ರೀಡ್ ಒಳಕ್ಕೆ ಬಾಗಿ ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ಮೊದಲು ಎರಡೂವರೆ, ಆಮೇಲೆ ಮೂರನೇ ನಂಬರಿನ ರೀಡಿನಲ್ಲಿ ತಲಾ ಎರಡು ವಾರ ಅಭ್ಯಾಸ ಮಾಡಿ ನೋಡಿ. ಒಂದು ರೀಡ್ ಕೆಟ್ಟದ್ದಾಗಿರಬಹುದಾದ್ದರಿಂದ ಪ್ರತಿ ನಂಬರಿನಲ್ಲೂ ಮೂರು ನಾಲ್ಕನ್ನು ಸರದಿಯಂತೆ ಬಳಸಿ.

ಇಷ್ಟಾದ ಮೇಲೂ ನಾದ ತುಂಬಿ ಬರದಿದ್ದರೆ ಮೌತ್‌ಪೀಸಿನ ಮಾತು. ಬಿ45ರ ತೆರವು ಸುಮಾರು 1.2 ಮಿಲಿಮೀಟರ್. ಇದರಲ್ಲಿ ನಾದ ಧಾರಾಳವಾಗಿ ಹರಿಯುತ್ತದೆ, ಆದರೆ ತುಟಿಯ ಹಿಡಿತ ಇನ್ನೂ ಕೂಡಿಬಾರದವರಿಗೆ ಶ್ರುತಿ ಅತ್ತಿತ್ತ ಜಾರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇದನ್ನು ಕೊಂಡ ಮೊದಲ ತಿಂಗಳಲ್ಲಿ ರೀಡನ್ನು ಕಚ್ಚಲು ಕಲಿತು, ಆ ಅಭ್ಯಾಸ ಬಿಡಲು ಒಂದು ವರ್ಷ ಒದ್ದಾಡಿದ್ದಾರೆ. ಎಂ30 ಸುಮಾರು 1.15 ಮಿಲಿಮೀಟರಿನದಾದರೂ ರೀಡಿನಿಂದ ದೂರ ಸರಿಯುವ ಅದರ ಬಾಗು ಉದ್ದವಾಗಿರುವುದರಿಂದ ಮೂರು ಅಥವಾ ಮೂರೂವರೆ ನಂಬರಿನ ರೀಡಿಗೆ ಚೆನ್ನಾಗಿ ಹೊಂದುತ್ತದೆ. ನಿಮ್ಮ ಹಂತಕ್ಕೆ ನಾನು ಎಂ30 ಎಂದೇ ಹೇಳುತ್ತೇನೆ. ಅದೇ ಕಂಪನಿಯಲ್ಲಿ ‘13 ಸರಣಿ’ ಎಂಬ ಇನ್ನೊಂದು ಬಗೆಯಿದೆ. ಅದು 440 ಹರ್ಟ್ಸ್‌ನ ‘ಎ’ ಸ್ವರಕ್ಕೆ ಹೊಂದುವಂತೆ ತುಸು ಕೆಳ ಶ್ರುತಿಯಲ್ಲಿರುತ್ತದೆ. ನಿಮ್ಮ ಶ್ರುತಿ ಮೊದಲೇ ಇಳಿಯುತ್ತಿರುವುದರಿಂದ, ಹೊಸ ರೀಡಿನಲ್ಲಿ ಅದು ಎಲ್ಲಿ ನಿಲ್ಲುತ್ತದೆಂದು ತಿಳಿಯದೆ ಆ ಸರಣಿಯದನ್ನು ತರಬೇಡಿ.

ಉತ್ತರ (ಕರ್ನಾಟಕ ಸಂಗೀತದ ಕ್ಲಾರಿನೆಟ್ ವಾದಕ):

ಮೇಡಂ ಅವರ ಮಾತಿಗೆ ಒಂದು ಸೇರಿಕೆ. ಅಗಲವಾದ ತೆರವು ಕೆಟ್ಟದ್ದೆಂದು ಯಾರೂ ತಿಳಿಯಬಾರದು. 2022ರಲ್ಲಿ ಪದ್ಮಶ್ರೀ ಪಡೆದ ಎ.ಕೆ.ಸಿ. ನಟರಾಜನ್ ಅವರಂಥವರ ವಾದನವನ್ನು ಕೇಳಿ ಬೆಳೆದ ನಮಗೆ ಗಮಕವೇ ಪ್ರಾಣ. ತುಟಿ ಸಡಿಲಿಸಿದರೆ ಸ್ವರ ಜಾರಬೇಕು, ಬಿಗಿದರೆ ಏರಬೇಕು. ನಿಮ್ಮ ಪರೀಕ್ಷೆಯಲ್ಲಿ ದೋಷವೆನಿಸುವ ಆ ಜಾರುವಿಕೆ ನಮ್ಮಲ್ಲಿ ಗುಣ. ಹಾಗಾಗಿ ನಾನು ಬಿ45ಕ್ಕೆ ಎರಡೂವರೆ ನಂಬರಿನ ರೀಡ್ ಕಟ್ಟುತ್ತೇನೆ. ನಿಮಗೆ ಬೇಕಾದದ್ದು ಸ್ಥಿರವಾದ ಸ್ವರವಾದ್ದರಿಂದ ಎಂ30 ಸರಿಯೇ.

ಎಲ್ಲಿ ಕೊಂಡರೂ ಪರೀಕ್ಷಿಸದೆ ಹಣ ಕೊಡಬೇಡಿ. ಅಂತರ್ಜಾಲದ ಅಂಗಡಿಯೊಂದರಿಂದ ಎಬೊನೈಟ್ (ಗಟ್ಟಿ ರಬ್ಬರ್) ಎಂದು ನಾನು ತರಿಸಿದ ಮೌತ್‌ಪೀಸಿನಲ್ಲಿ ರೀಡ್ ಕೂರುವ ಸಮತಲವೇ ಸೊಟ್ಟಗಿತ್ತು. ರೀಡ್ ಬದಲಿಸಿ, ಅದನ್ನು ಬಿಗಿಯುವ ಲಿಗೇಚರ್ ಪಟ್ಟಿ ಬದಲಿಸಿ, ಎರಡು ತಿಂಗಳು ನನ್ನ ತುಟಿಯನ್ನೇ ದೂಷಿಸಿಕೊಂಡೆ. ನೆನೆಸಿದ ರೀಡನ್ನು ಕಟ್ಟಿ, ಮೌತ್‌ಪೀಸಿನ ಕೆಳಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಗಾಳಿಯನ್ನು ಒಳಗೆಳೆದು ಬಾಯಿ ತೆಗೆಯಿರಿ. ರೀಡ್ ಒಂದೆರಡು ಕ್ಷಣ ಅಂಟಿಕೊಂಡಿದ್ದು ‘ಟಪ್’ ಎಂದು ಬಿಟ್ಟುಕೊಂಡರೆ ಒಳ್ಳೆಯದು; ಮೂರು ನಾಲ್ಕು ಒಳ್ಳೆಯ ರೀಡ್‌ಗಳಲ್ಲೂ ಅಂಟದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದೇ ಅರ್ಥ.

ಉತ್ತರ (ನಿವೃತ್ತ ಬ್ಯಾಂಡ್ ವಾದಕ):

ನಿಮ್ಮ ತುಟಿಯ ಹಿಡಿತವನ್ನು ಮನೆಯಲ್ಲೇ ಅಳೆಯಬಹುದು. ಮೌತ್‌ಪೀಸ್ ಮತ್ತು ಬ್ಯಾರೆಲ್ (ಅದರ ಕೆಳಗೆ ಕೂಡುವ ಗಿಡ್ಡ ಕೊಳವೆ) ಎರಡನ್ನೇ ಜೋಡಿಸಿ ಊದಿದಾಗ ಶ್ರುತಿ ಅಳೆಯುವ ಟ್ಯೂನರ್ ಎಫ್ ಶಾರ್ಪ್‌ನ ಆಸುಪಾಸು ತೋರಿಸಬೇಕು. ಬಹಳ ಕೆಳಗಿದ್ದರೆ ತುಟಿ ಸಡಿಲ ಅಥವಾ ರೀಡ್ ಮೆದು. ಬಹಳ ಮೇಲಿದ್ದರೆ ಕಚ್ಚುತ್ತಿದ್ದೀರಿ. ಈ ಪರೀಕ್ಷೆಯನ್ನು ಹಳೆಯ 4ಸಿಯಲ್ಲೇ ಮೊದಲು ಮಾಡಿ. ಹೊಸದನ್ನು ಆರಿಸುವಾಗ ಕೇಳುವವರು ನಿಮ್ಮ ಬೆನ್ನ ಹಿಂದೆ ದೂರ ಕುಳಿತಿರಲಿ, ಯಾವುದನ್ನು ಊದುತ್ತಿದ್ದೀರೆಂದು ಅವರಿಗೆ ತಿಳಿಯದಿರಲಿ. ಹೊಸದರ ಖುಷಿಯಲ್ಲಿ ನಮ್ಮ ಕಿವಿಯೇ ನಮಗೆ ಸುಳ್ಳು ಹೇಳುತ್ತದೆ. ಇನ್ನೊಂದು ಮಾತು: ಎಬೊನೈಟನ್ನು ಬಿಸಿನೀರಿನಲ್ಲಿ ತೊಳೆಯಬೇಡಿ, ಬಿಸಿಲಿಗೂ ಇಡಬೇಡಿ. ಗಂಧಕ ಬೆರೆಸಿದ ರಬ್ಬರ್ ಅದು. ಕಪ್ಪು ಬಣ್ಣ ಹೋಗಿ ಹಸಿರುಗಂದು ತಿರುಗುತ್ತದೆ, ವಾಸನೆಯೂ ಬರುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ:

ಎಲ್ಲರಿಗೂ ಧನ್ಯವಾದಗಳು. ಟ್ಯೂನರ್ ಪರೀಕ್ಷೆಯಲ್ಲಿ ನನ್ನದು ಎಫ್ ಶಾರ್ಪ್‌ಗಿಂತ ಸಾಕಷ್ಟು ಕೆಳಗೆ, ಎಫ್‌ನ ಹತ್ತಿರವೇ ಇತ್ತು. ಈಗ ಎರಡೂವರೆಯ ರೀಡಿನಲ್ಲಿ ಹತ್ತು ದಿನವಾಗಿದೆ. ಮೊದಲೆರಡು ದಿನ ಕೆನ್ನೆ ನೋವು ಬಂದು ಬಿಟ್ಟುಬಿಡೋಣ ಎನಿಸಿತ್ತು. ಈಗ ಮೇಲಿನ ‘ಸಿ’ ಪಿಯಾನೊದ ಪಕ್ಕದಲ್ಲಿ ನಿಲ್ಲುತ್ತಿದೆ, ಆದರೆ ಮೆಲ್ಲಗೆ ಊದಿದಾಗ ನಾದ ಇನ್ನೂ ತೆಳುವಾಗಿಯೇ ಇದೆ. ಮೂರನೇ ನಂಬರಿಗೆ ಹೋದ ಮೇಲೂ ಹೀಗೇ ಇದ್ದರೆ ನಮ್ಮ ಶಿಕ್ಷಕರ ಎಂ30ನ್ನು ಒಂದು ವಾರಕ್ಕೆ ಕೇಳಿ ತರುತ್ತೇನೆ. ಅಂಗೈ ಪರೀಕ್ಷೆಯಲ್ಲಿ ಮಾತ್ರ ನನ್ನ 4ಸಿ ‘ಟಪ್’ ಎಂದಿತು.